ಕೆಂಪು ಚುಕ್ಕೆಯ ಲೋಟ

ಅವರ ಸ್ಟೀಲ್ ಲೋಟದ ತಳದಲ್ಲಿ ಒಂದು ಕೆಂಪು ಚುಕ್ಕೆಯಿತ್ತು, ನೇಲ್ ಪಾಲಿಶ್‌ನದು. ಅವರು ಲೋಟ ಎತ್ತಿದಾಗಲೆಲ್ಲ ಎದುರು ಕೂತವರಿಗೆ ಅದು ಕಾಣುತ್ತಿತ್ತು. ಎಚ್‌ಐವಿ ಪರೀಕ್ಷೆಗೆ ಬಂದವರಿಗೆ ತಿಳಿಹೇಳುವ ಆಪ್ತಸಮಾಲೋಚಕಿ ಅವರು. ಹಿರಿಯೂರಿನಲ್ಲಿ ಮೊದಲ ಸಲ ಅವರ ಮುಂದೆ ಕೂತಾಗ ನಾನು ಹೆಸರನ್ನೇ ಸುಳ್ಳು ಹೇಳಿದ್ದೆ.

ಒಬ್ಬಾಕೆಯ ಜೊತೆ ಒಂದು ಸಲ ಹೋಗಿದ್ದೆ. ಕಾಂಡೋಮ್ ಇತ್ತು, ಹರಿದಿರಲಿಲ್ಲ. ಆದರೂ ಮುಂದಿನ ವಾರ ಜ್ವರ ಬಂತು ನೋಡಿ, ಮೊಬೈಲಿನಲ್ಲಿ ಹುಡುಕಿ ಹುಡುಕಿ ಅರ್ಧ ಸತ್ತೇಹೋದೆ. ನಮ್ಮದು ಶ್ರೀರಾಂಪುರದ ಕಡೆ ಕುರಿ ಸಾಕುವ ಮನೆ. ತಂಗಿ ಬಾಣಂತನಕ್ಕೆ ಬಂದಿದ್ದಳು. ಅವಳ ಕೂಸನ್ನು ಮುಟ್ಟುವುದು ಬಿಟ್ಟೆ, ತಟ್ಟೆ ಲೋಟ ಬೇರೆ ಮಾಡಿಕೊಂಡೆ, ಕಂಬಳಿ ಎತ್ತಿಕೊಂಡು ಕುರಿರೊಪ್ಪ ಸೇರಿದೆ. ಗಾಳಿ ಸೋಕಿದೆ ಎಂದು ಅವ್ವ ತಾಯತ ಕಟ್ಟಿಸಿದಳು.

ಹಿರಿಯೂರಿನ ಮೊದಲ ಪರೀಕ್ಷೆಯೂ, ಮೂರು ತಿಂಗಳು ಕಳೆದ ಮೇಲಿನದೂ ನೆಗೆಟಿವ್ ಬಂದವು. ನಂಬಿದರೆ ತಾನೆ! ರಕ್ತ ಅದಲುಬದಲಾಗಿರಬೇಕೆಂದು ಇನ್ನೊಂದು ಸುಳ್ಳು ಹೆಸರು ಇಟ್ಟುಕೊಂಡು ಹೊಸದುರ್ಗಕ್ಕೆ ಹೋದೆ. ಅಲ್ಲಿ ಕುರ್ಚಿಯಲ್ಲಿ ಕೂತವರು ಇವರೇ. ವಾರಕ್ಕೆರಡು ದಿನ ಅಲ್ಲಿಗೂ ಹಾಕಿದ್ದರಂತೆ.

"ಏನಪ್ಪ, ಈ ಊರಾಗೆ ಏನ್ ಹೆಸ್ರು?" ಎಂದರು.

ನಾನು ಎದ್ದು ಹೊರಡಲು ನೋಡಿದೆ.

"ನಾಳೆ ಹೊಳಲ್ಕೆರೆಗೋ? ಅಲ್ಲೂ ಇದೇ ರಕ್ತ ಬರಾದು. ಲೇ, ಕಾಂಡೋಮ್ ಇತ್ತು, ಮೂರು ತಿಂಗ್ಳು ಆಗೈತೆ, ರಿಪೋರ್ಟ್ ನೆಗೆಟಿವ್ ಐತೆ. ನಿನ್ ಮೈಯಾಗೆ ಏನೂ ಇಲ್ಲ. ಇರಾದೆಲ್ಲ ತಲೆಯಾಗೆ."

"ಮನೇಲಿ ಕೂಸೈತೆ ಮೇಡಂ. ಮುಟ್ಟಿದ್ರೆ..."

ಅವರಿಗೆ ಸಿಟ್ಟು ನೆತ್ತಿಗೇರಿತು. "ನಂಗೆ ಐತೆ ಕಣೋ ಎಚ್‌ಐವಿ. ದಿನಾ ಗುಳಿಗೆ ನುಂಗ್ತೀನಿ, ಗಟ್ಟಿಮುಟ್ಟಾಗಿದೀನಿ. ಮಗಳನ್ನ ಎತ್ತಿ ಆಡ್ಸಿ ಬೆಳೆಸೀನಿ, ಅವಳಿಗಿಲ್ಲ. ಮುಟ್ಟಿದ್ರೆ ಬರಲ್ಲ, ಎಂಜಲಿಗೆ ಬರಲ್ಲ. ಇರೋಳು ನಾನೇ ಹೆದರಿಲ್ಲ, ಇಲ್ದೋನಿಗೆ ನಿಂಗೇನೋ ರೋಗ?"

ಆಗಲೇ ಚುಕ್ಕೆಯ ಕಥೆ ಹೇಳಿದ್ದು. ಹಿಂದೆ ಒಂದು ಆಫೀಸಿನಲ್ಲಿ ಅವರ ಲೋಟ ಉಳಿದವುಗಳ ಜೊತೆ ಬೆರೆಯಬಾರದೆಂದು ಯಾರೋ ತಳಕ್ಕೆ ಈ ಕೆಂಪು ಗುರುತು ಹಾಕಿದ್ದರಂತೆ. ಮರುದಿನ ಇವರು ಅದೇ ಬಣ್ಣದ ಪಾಲಿಶ್ ಸೀಸೆ ತಂದು, ಸಾಹೇಬರದ್ದನ್ನೂ ಬಿಡದೆ, ಅಲ್ಲಿದ್ದ ಲೋಟಕ್ಕೆಲ್ಲ ಚುಕ್ಕೆ ಇಟ್ಟು, "ಈಗ ಹುಡುಕ್ರಿ ನಂದ್ಯಾವ್ದು ಅಂತ" ಎಂದರಂತೆ.

ಹೇಳಿ ಮುಗಿಸಿ, ತಾವು ಅರ್ಧ ಕುಡಿದಿದ್ದ ನೀರನ್ನು ನನ್ನ ಕಡೆ ತಳ್ಳಿದರು. "ಕುಡಿ."

ನಾನು ತುಟಿಗೆ ತಾಗಿಸದೆ ಎತ್ತಿ ಹುಯ್ದುಕೊಂಡೆ. ಗುರಿ ತಪ್ಪಿ ನೀರೆಲ್ಲ ಅಂಗಿಯ ಮೇಲೆ ಬಿತ್ತು. ಅವರು ಎದ್ದು ಲೋಟ ತೊಳೆದು ಬೋರಲು ಹಾಕಿದರು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಂದು ಮನೆಗೆ ಬಂದವನೇ ಕೂಸನ್ನು ಎತ್ತಿಕೊಂಡೆ. ಅದು ನನ್ನ ಮೇಲೆಯೇ ಉಚ್ಚೆ ಹುಯ್ದಿತು. ಅವ್ವ ತಾಯತದ ಮಹಿಮೆ ಎಂದಳು. ನಾನು ಪರೀಕ್ಷೆಗೆ ಮತ್ತೆ ಹೋಗಲಿಲ್ಲ.

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. "ಅದೇ ರೋಗ" ಎಂದು ಜನ ಗುಸುಗುಸು ಅಂದರು. ಅಂದವರ ಬಾಯಿಗಿಷ್ಟು ಮಣ್ಣು ಹಾಕ! ಹಿರಿಯೂರಿನಲ್ಲಿ ಮೇಡಂ ಮನೆಗೆ ಹೋದಾಗ ಬಂದವರಿಗೆಲ್ಲ ನೀರು ಕೊಡಲು ಯಾರೋ ಪೇಪರ್ ಲೋಟ ತಂದಿಟ್ಟಿದ್ದರು. ಮಗಳು ನನಗೂ ಒಂದು ನೀಡಿದಳು.

"ಇದು ಬ್ಯಾಡ. ನಿಮ್ಮವ್ವಂದು ಲೋಟ ಐತಲ್ಲ, ಅದ್ರಾಗೆ ಕೊಡವ್ವ," ಎಂದೆ.

ಅವಳು ತಂದುಕೊಟ್ಟಳು. ಈ ಸಲ ಎತ್ತಿ ಹುಯ್ದುಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಕಚ್ಚಿ ಕುಡಿದೆ, ಕೊನೆಯ ಗುಟುಕಿನವರೆಗೂ. ಆಮೇಲೆ ಲೋಟವನ್ನು ಅವಳ ಮುಂದೆ ಹಿಡಿದು, "ಇನ್ನಷ್ಟು ಹಾಕವ್ವ," ಎಂದೆ.