ಅಪ್ಪನ ಬಶಿ ಮತ್ತು ಅರ್ಧ ಮಾತು

ಬಶಿಗೆ ಸುರಿದುಕೊಂಡ ಚಹಾ ತಣ್ಣಗಾಗುತ್ತಿತ್ತು. ನಾಳೆ ಬಸ್ಸಿಗೆ ಕಬ್ಬೂರಿನ ಅಜ್ಜನ ಮನೆಗೆ ಹೋಗೋಣವೇ ಎಂದು ಮಗಳನ್ನು ಕೇಳಿದ್ದೆ. 'ಹೋಗೂಣು, ಬಟ್...' ಎಂದವಳೇ ಬಿಸ್ಕೀಟನ್ನು ಬಾಯಿಗಿಟ್ಟುಕೊಂಡಳು.

ಎರಡು ಎದುರುಬದುರು ಮಾತುಗಳನ್ನು ಬೆಸೆಯುವ ಕೊಂಡಿ ಈ 'ಬಟ್' ಎಂದು ಇಂಗ್ಲಿಷ್ ಕಲಿಸುವವರು ಹೇಳುತ್ತಾರೆ. ನನ್ನ ತವರಿನಲ್ಲಿ ಮಾತ್ರ ಅದಕ್ಕೆ ಎರಡನೆಯ ಮಾತೇ ಇರಲಿಲ್ಲ ನೋಡಿ. ಅಪ್ಪ ಯಾರಿಗೂ ಬೇಡವೆಂದವರಲ್ಲ. 'ಚಲೋ ಐತಿ, ಆದರ...' ಎಂದು ಬಶಿಯೆತ್ತಿ ಸೊರ್ರೆಂದು ಚಹಾ ಹೀರಿದರೆ ಮುಗಿಯಿತು, ಕೇಳಿದವರು ಎದ್ದು ಹೋಗಬೇಕು. ನಿಪ್ಪಾಣಿಯ ಸೋದರಮಾವ ಇದನ್ನೇ ಮರಾಠಿಯಲ್ಲಿ 'ಪಣ...' ಎಂದು ಮುಗಿಸುತ್ತಿದ್ದರು. ಇಲ್ಲವೆಂದು ಹೇಳಿ ನಿಷ್ಠುರವಾಗುವುದೇಕೆ, ಅಲ್ಲಿಗೆ ನಿಲ್ಲಿಸಿದರೆ ಸಾಕು ಎಂಬುದು ನಮ್ಮ ಸೀಮೆಯ ಸಭ್ಯತೆ.

ತಂಗಿ ಸುನಂದಾ ಕಬ್ಬಿನ ಟ್ರ್ಯಾಕ್ಟರನ್ನು ಫ್ಯಾಕ್ಟರಿಗೆ ತಾನೇ ಹೊಡೆಯುತ್ತೇನೆಂದಾಗಲೂ ಅಪ್ಪ ಅಲ್ಲಿಗೇ ನಿಲ್ಲಿಸಿದರು. ಹೊಲದಲ್ಲಿ ಓಡಿಸಿ ಓಡಿಸಿ ಕೈ ಪಳಗಿಸಿಕೊಂಡಿದ್ದ ಅವಳು ಅದೊಂದನ್ನು ಬಿಟ್ಟು ಬೇರೇನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಎಲ್ಲರಂತೆ ಎದ್ದು ಹೋಗದೆ, ಕೂತಲ್ಲೇ ಕೂತು ಕೇಳಿದಳು.

'ಆದರ... ಏನ್ರಿ ಅಪ್ಪಾ?'

ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳದ ಪ್ರಶ್ನೆಯದು. ಅಪ್ಪ ಎತ್ತಿದ ಬಶಿಯನ್ನು ಕೆಳಗಿಟ್ಟರು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು. ಬಡಿಸಬೇಕಾದವಳು ಸುನಂದಾ, ರೊಟ್ಟಿಯ ಬುಟ್ಟಿ ಅವಳ ತೊಡೆಯ ಮೇಲೆ. ಹಿತ್ತಲ ಗೋಡೆಯ ಮೇಲೆ ಬಿಸಿಲು ಸಣ್ಣಗಾಗುತ್ತಿತ್ತು. ಅಪ್ಪ ಗೋಡೆ ನೋಡಿದರು, ಬುಟ್ಟಿ ನೋಡಿದರು, ಕೊನೆಗೆ ಮಗಳ ಮುಖ ನೋಡಿದರು. ಕಾರಣ ಹುಡುಕಿ ಹುಡುಕಿ ಸೋತು ಹೇಳಿದರು.

'ಆದರ, ಸಾವಕಾಶ ಹೊಡಿ.'

ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಬರೀ ಮುಂದೆ ಮಾಡಿದ ಬಾಗಿಲಿಗೆ ಕೀಲಿ ಹಾಕಿದ್ದಾರೆಂದು ತಿಳಿದು ನಾವೆಲ್ಲ ಇಷ್ಟು ದಿನ ಹೊಸ್ತಿಲಿಂದಲೇ ಹಿಂದಿರುಗಿದ್ದೆವಲ್ಲ! ಈಗ ಹಂಗಾಮು ಬಂತೆಂದರೆ ಸುನಂದಾ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹಾಡು ಹಚ್ಚಿ ಹೊರಡುತ್ತಾಳೆ. ಪಕ್ಕದಲ್ಲಿ ಕೂತ ಅಪ್ಪ ದಾರಿಯುದ್ದಕ್ಕೂ ಆ ಒಂದೇ ಮಾತು ಹೇಳುತ್ತಾರೆ.

ನಾನು ಬಶಿ ಕೆಳಗಿಟ್ಟು ಮಗಳನ್ನು ಕೇಳಿದೆ. 'ಬಟ್... ಏನವಾ?'

ಬಿಸ್ಕೀಟು ನುಂಗಿ ಅವಳೆಂದಳು, 'ಬಸ್ ಬ್ಯಾಡ. ಸುನಂದಾ ಮಾವಶಿ ಟ್ರ್ಯಾಕ್ಟರ್ ತರ್ತಾಳಂತ. ನಾ ಆಕೀ ಬಾಜೂಕ ಕುಂದರ್ತೀನಿ.'

'ಚಲೋ ಐತಿ, ಆದರ...' ಎಂದು ನಾನೂ ಶುರುಮಾಡಿದೆ. ಅವಳು ಕಣ್ಣರಳಿಸಿ ಕಾಯುತ್ತಿದ್ದಳು. ತಣ್ಣಗಾದ ಚಹಾ ಅಲ್ಲೇ ಬಿಟ್ಟು ಮಾತು ಮುಗಿಸಿದೆ.

'ನನಗೂ ಜಾಗಾ ಇಡ್ರಿ.'