ಶುಂಠಿಗೆ ಕೆಲಸ ಸಿಕ್ಕಿತು

ಕಳೆದ ಭಾನುವಾರ ಆಟೊ ಹಿಡಿದು ಶಿವಾಜಿನಗರಕ್ಕೆ ಹೋಗಿದ್ದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ನೋಡಲು ಅಲ್ಲ. ನನ್ನ ನಾಯಿಯನ್ನು ನೋಡಲು.

ಹೌದು, ನನ್ನದೇ ನಾಯಿ. ಈಗ ಅಲ್ಲಿನ ಒಂದು ಅಕ್ಕಿ ಗೋಡೌನಿನಲ್ಲಿ ಕೆಲಸಕ್ಕಿದೆ. ವಾರಕ್ಕೊಮ್ಮೆ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ. (ನಗಬೇಡಿ. ಹಾಸ್ಟೆಲಿನಲ್ಲಿರುವ ಮಕ್ಕಳನ್ನು ನೋಡಲು ನೀವು ಹೋಗುವುದಿಲ್ಲವೇ?)

ಅವನ ಹೆಸರು ಶುಂಠಿ. ಜಾತಿ ಬಾರ್ಡರ್ ಟೆರಿಯರ್. ಬಿಲ ಹೊಕ್ಕು ನರಿ ಓಡಿಸಲೆಂದು ಇಂಗ್ಲೆಂಡಿನ ಗಡಿ ಸೀಮೆಯ ರೈತರು ಸಾಕಿಕೊಂಡು ಬಂದ ತಳಿ. ನಮ್ಮಲ್ಲಿ ತೀರಾ ಅಪರೂಪ. ಕೂನೂರಿನ ಟೀ ತೋಟದವರೊಬ್ಬರ ಬಳಿ ಹೆಸರು ಬರೆಸಿ, ಎರಡು ವರ್ಷ ಕಾದು ತಂದಿದ್ದೆ. ಕುಕ್ ಟೌನಿನ ನಮ್ಮ ಮನೆಗೆ ಬಂದ ದಿನ ಪಕ್ಕದವರು ಹೇಳಿದ್ದೇನು ಗೊತ್ತೇ? "ಪಾಪ, ಬೀದಿ ಮರೀನಾ ಮೇಡಂ? ಒಳ್ಳೇ ಕೆಲ್ಸ ಮಾಡಿದ್ರಿ ಬಿಡಿ."

ನೋಡಲು ಹಾಗೇ ಇದ್ದಾನೆ. ಒಣಶುಂಠಿಯ ಬಣ್ಣ, ತೆಂಗಿನ ನಾರಿನಂಥ ಒರಟು ಕೂದಲು. ಆ ಕೂದಲಿಗೆ ಕತ್ತರಿ, ಮೆಷಿನ್ ತಾಗಿಸುವಂತಿಲ್ಲ. ಬಲಿತು ಸತ್ತ ಕೂದಲನ್ನು ಬೆರಳಿನಲ್ಲೇ ಎಳೆದೆಳೆದು ತೆಗೆಯಬೇಕು. ಅವನಿಗೆ ನೋವಾಗುವುದಿಲ್ಲ, ನಮಗೆ ತಾಳ್ಮೆ ಇರಬೇಕು. ನಾನು ಮಹಾ ಜಾಣೆ, ಇಂದಿರಾನಗರದ ಒಂದು ಪಾರ್ಲರಿಗೆ ಒಯ್ದು ಮೆಷಿನ್ ಹಾಕಿಸಿದೆ. ಮತ್ತೆ ಬೆಳೆದ ಕೂದಲು ಹತ್ತಿಯ ಹಾಗೆ ಮೆತ್ತಗೆ, ಬಣ್ಣಗೆಟ್ಟು ಬಂತು. ಸರಿಹೋಗಲು ವರ್ಷ ಹಿಡಿಯಿತು.

ಉಳಿದಂತೆ ಅವನಿಗೆ ಏನು ಕಡಿಮೆ ಮಾಡಿದ್ದೆವು? ಹಾಸಿಗೆ, ಫಾರಿನ್ ಫುಡ್, ಬೆಳಿಗ್ಗೆ ಸಂಜೆ ವಾಕಿಂಗ್. ಅವನೋ ಇಡೀ ದಿನ ಬಾಗಿಲ ಬಳಿ ಕೂತು ನೆಲ ಕೆರೆಯುತ್ತಿದ್ದ. ಸೋಫಾ ಅಗೆದ. "ಇವ್ನಿಗೆ ಬೋರ್‌ವೆಲ್ ಕಂಟ್ರಾಕ್ಟ್ ಕೊಡಿಸ್ಬೇಕು ಕಣೇ" ಎಂದು ನನ್ನ ಗಂಡ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವನಿಗೆ ಏನೋ ಬೇಕಾಗಿತ್ತು. ಅದು ನನ್ನ ಬಳಿ ಇರಲಿಲ್ಲ.

ಆರು ತಿಂಗಳ ಹಿಂದೆ ಇಕ್ಬಾಲ್ ಭಾಯ್ ಅಂಗಡಿಗೆ ಅಕ್ಕಿ ತರಲು ಹೋದಾಗ ಅವನನ್ನೂ ಕರೆದೊಯ್ದೆ. ಶಿವಾಜಿನಗರ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಸಗಟು ವ್ಯಾಪಾರ, ಅಂಗಡಿಯ ಹಿಂದೆಯೇ ಗೋಡೌನ್. ಶುಂಠಿ ಬಾಗಿಲಲ್ಲಿ ಒಮ್ಮೆ ಮೂಸಿದ, ಅಷ್ಟೆ. ಕುತ್ತಿಗೆಯ ಪಟ್ಟಿಯಿಂದ ತಲೆ ಬಿಡಿಸಿಕೊಂಡು, ಮೂಟೆಗಳ ಕೆಳಗಿನ ಹಲಗೆಯ ಸಂದಿಗೆ ನುಗ್ಗಿ ಮಾಯವಾದ. ನಾನು ಕೂಗಿದೆ, ಬಿಸ್ಕೆಟ್ ಆಡಿಸಿದೆ, ಅತ್ತೆ.

"ಅರೆ, ಸುಮ್ನಿರಿ ಮೇಡಂ. ಅವ್ನು ಕೆಲ್ಸದಲ್ಲಿದಾನೆ" ಎಂದರು ಇಕ್ಬಾಲ್ ಭಾಯ್.

ಅರ್ಧ ಗಂಟೆಯ ಮೇಲೆ ಹಿಮ್ಮುಖವಾಗಿ ಹೊರಬಂದ. ಮೈಯೆಲ್ಲ ಧೂಳು, ಜೇಡರ ಬಲೆ. ಬಾಯಲ್ಲಿ ಅವನಷ್ಟೇ ದೊಡ್ಡ ಹೆಗ್ಗಣ. (ಸರಿ, ಅರ್ಧದಷ್ಟು ಎಂದಿಟ್ಟುಕೊಳ್ಳಿ.) ಅದನ್ನು ನನ್ನ ಕಾಲ ಬಳಿ ಇಟ್ಟು ಮುಖ ನೋಡಿದ. ಆ ಕಣ್ಣುಗಳಲ್ಲಿದ್ದ ಹೊಳಪನ್ನು ಮೂರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ನಾನೇನು ಮಾಡಿದೆ? ಕಿಟಾರನೆ ಕಿರುಚಿ ತೊಗರಿಬೇಳೆ ಮೂಟೆ ಹತ್ತಿದೆ. "ಥೂ, ಹೊಲಸು!" ಎಂದು ಬೈದೆ. ಮನೆಗೆ ತಂದು ಎರಡು ಸಲ ಶಾಂಪೂ ಹಾಕಿ ತಿಕ್ಕಿದೆ. ಪಾಪದವನು ತನ್ನ ಬದುಕಿನ ಮೊದಲ ದುಡಿಮೆಯನ್ನು ತಂದು ನನಗೆ ಒಪ್ಪಿಸಿದ್ದ. ಎರಡು ದಿನ ಊಟ ಮುಟ್ಟಲಿಲ್ಲ, ಬಾಗಿಲು ಬಿಟ್ಟು ಏಳಲಿಲ್ಲ.

ಮೂರನೆಯ ದಿನ ನಾನೇ ಕರೆದುಕೊಂಡು ಹೋದೆ. "ಒಂದ್ ದಿನ ಇಟ್ಕೊಳ್ತೀರಾ ಭಾಯ್?"

"ಮನೆ ಒಳಗೆ ನಾಯಿ ಇಟ್ಕೊಳ್ಳಲ್ಲ ಮೇಡಂ ನಾವು. ಕಾಳು ಕಾಯೋ ಕೆಲ್ಸಕ್ಕೆ ಅಡ್ಡಿ ಇಲ್ಲ. ಬಿಟ್ಟೋಗಿ."

ಗೋಡೌನಿನಲ್ಲಿ ಇಲಿ ಪಾಷಾಣ ಒಂದು ಚೂರೂ ಇರಕೂಡದು ಎಂದು ಷರತ್ತು ಹಾಕಿದೆ. ನಿಂತ ಕಾಲಲ್ಲೇ ಎಲ್ಲವನ್ನೂ ಗುಡಿಸಿ ಹೊರಹಾಕಿಸಿದರು. ಇಲಿಜ್ವರದ ಲಸಿಕೆಯ ಜವಾಬ್ದಾರಿ ನನ್ನದಾಯಿತು. ಒಂದು ದಿನ ಹೋಗಿ ವಾರವಾಯಿತು, ವಾರ ಹೋಗಿ ತಿಂಗಳಾಯಿತು. ಸಂಜೆ ಕರೆತರಲು ಹೋದರೆ ಆಟೊ ಹತ್ತದೆ ನಾಲ್ಕೂ ಕಾಲೂರಿ ನಿಲ್ಲುತ್ತಿದ್ದ. ಕೊನೆಗೆ ಕರೆಯುವುದನ್ನೇ ಬಿಟ್ಟೆ.

ಈಗ ವಾಚ್‌ಮನ್ ಯಲ್ಲಪ್ಪನವರ ಮಂಚದ ಕೆಳಗೆ ಮಲಗುತ್ತಾನಂತೆ. ಫಾರಿನ್ ಫುಡ್ಡಿಗೆ ಮೂತಿ ತಿರುಗಿಸುತ್ತಿದ್ದವನು ರಾಯಚೂರು ಕಡೆಯ ಯಲ್ಲಪ್ಪನವರ ಜೋಳದ ರೊಟ್ಟಿಗೆ ಕಾದು ಕೂರುತ್ತಾನೆ. ಹೆಸರೂ ಬದಲಾಗಿದೆ. ಅಲ್ಲಿ ಎಲ್ಲರಿಗೂ ಅವನು ಅದ್ರಕ್. ಅರ್ಥ ಅದೇ ಶುಂಠಿ. ಆದರೂ ಯಾರೋ "ಅದ್ರಕ್!" ಎಂದಾಗ ಅವನು ಓಡಿದರೆ ನಾನೂ ಮೆಲ್ಲಗೆ "ಶುಂಠಿ" ಎಂದು ಕರೆದು ನೋಡುತ್ತೇನೆ.

ಕೂದಲು ಕೀಳುವ ಕೆಲಸ ಮಾತ್ರ ಇನ್ನೂ ನನ್ನದೇ. ಭಾನುವಾರ ಸ್ಟೂಲ್ ಹಾಕಿಕೊಂಡು ತೊಡೆಯ ಮೇಲೆ ಕೂರಿಸಿಕೊಂಡೆ. ಬೆನ್ನು ಮುಗಿಸಿ ಕುತ್ತಿಗೆಗೆ ಬಂದಾಗ ಅವನು ಕಣ್ಣು ಮುಚ್ಚಿ ಗಲ್ಲವನ್ನು ನನ್ನ ತೋಳಿನ ಮೇಲೆ ಊರಿದ. ಆ ಭಾರ ಎಷ್ಟು ದಿನದಿಂದ ಬೇಕಾಗಿತ್ತು ನನಗೆ! ಬೇಕೆಂದೇ ನಿಧಾನ ಮಾಡಿದೆ.

ಇಕ್ಬಾಲ್ ಭಾಯ್ ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದರು. "ಕರ್ಕೊಂಡ್ ಹೋಗ್ಬಿಡಿ ಮೇಡಂ. ನಿಮ್ ಮುಖ ನೋಡಕ್ಕಾಗಲ್ಲ ನಂಗೆ. ನಾನು ಬೆಕ್ಕು ಗಿಕ್ಕು ಏನಾದ್ರೂ ನೋಡ್ಕೋತೀನಿ."

ನಿಜ ಹೇಳುತ್ತೇನೆ, ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೂಟೆಗಳ ಹಿಂದೆ ಸರ್ರನೆ ಸದ್ದಾಯಿತು. ತೊಡೆ ಖಾಲಿ. ಬೆರಳ ಸಂದಿಯಲ್ಲಿ ನಾಲ್ಕು ಕೂದಲು. ಹಲಗೆಯ ಕೆಳಗಿಂದ ಅವನ ಬೊಗಳು ಕೇಳಿಸಿತು. ಅಂಥ ಖುಷಿಯ ದನಿ ನಮ್ಮ ಮನೆಯಲ್ಲಿ ಒಂದು ದಿನವೂ ಕೇಳಿಲ್ಲ.

"ನಕ್ಕೋ ಭಾಯ್, ಬೇಡ" ಎಂದೆ.

ಈ ಸಲ ಕಿರುಚಬಾರದು, ಶಭಾಷ್ ಎಂದು ಬೆನ್ನು ತಟ್ಟಬೇಕು ಎಂದು ಕಾದು ನಿಂತೆ. ಬಂದ. ಇಲಿಯನ್ನು ಕಚ್ಚಿಕೊಂಡು ನನ್ನನ್ನು ದಾಟಿ ಹೋಗಿ, ಇಕ್ಬಾಲ್ ಭಾಯ್ ಕಾಲ ಬಳಿ ಇಟ್ಟ.

ಕಾರಿನ ವೈರ್ ಕಡಿಯಿತು, ಕಿಚನ್ನಿಗೆ ನುಗ್ಗಿತು ಎಂದು ಇಡೀ ಊರು ಇಲಿಗಳಿಗೆ ಶಾಪ ಹಾಕುತ್ತದೆ. ನಾನು ಮನೆಗೆ ಬಂದು ಸಿಂಕಿನ ಕೆಳಗೆ, ಅಟ್ಟದ ಮೇಲೆ, ಎಲ್ಲ ಕಡೆ ಹುಡುಕಿದೆ.

ದೇವರೇ, ನಮ್ಮನೆಗೆ ಒಂದೇ ಒಂದು ಇಲಿ ಬರಬಾರದೇ?