ಮೋತ್ಯಾನ ಉಪವಾಸ

ಎರಡು ತಿಂಗಳ ಹಿಂದೆ ನಮ್ಮ ದಾಂಡೇಲಿಯ ಮನೆಗೆ ನೋಡುವವರು ಬಂದಿದ್ದರು. ಹಲ್ಲು ನೋಡಿದರು. ನಡೆಸಿ ನೋಡಿದರು. ವಯಸ್ಸು ಕೇಳಿದರು, ಹೇಳಿದ್ದನ್ನು ನಂಬಲಿಲ್ಲ.

(ನನ್ನನ್ನಲ್ಲ, ನಮ್ಮ ನಾಯಿಯನ್ನು. ನನ್ನನ್ನು ನೋಡಲು ಬಂದವರು ಹಲ್ಲಿನ ತನಕ ಹೋಗಿರಲಿಲ್ಲ.)

ಮೋತ್ಯಾ ಅಪ್ಪನ ಬೇಟೆನಾಯಿ. ಮುಧೋಳದ ಜಾತಿ, ಉದ್ದ ಮೂತಿ, ಸಣ್ಣ ಸೊಂಟ. ಅಪ್ಪನ ಕೈ ನಡುಗತೊಡಗಿ ಬಂದೂಕಿನ ಲೈಸೆನ್ಸ್ ಮರಳಿಸಿದ ವರ್ಷವೇ ನಾಯಿಯ ಹಿಂಗಾಲೂ ಸೋತವು. ಅಷ್ಟರಲ್ಲಿ ನನಗೆ ಧಾರವಾಡದಲ್ಲಿ ಕೆಲಸವಾಯಿತು. ಸಿಕ್ಕ ಬಾಡಿಗೆಮನೆ ಮಹಡಿಯ ಮೇಲಿನದು. ಮಾಲೀಕರು ಅಪ್ಪನಿಗೆ ಒಪ್ಪಿದರು, ನಾಯಿಗೆ ಒಪ್ಪಲಿಲ್ಲ.

ನೋಡಲು ಬಂದಿದ್ದವರು ಕಟ್ಟಿಗೆಯ ಕಾಂಟ್ರಾಕ್ಟರು, ಶಿಕಾರಿಯ ಹುಚ್ಚಿನವರು.

"ಇನ್ನೊಂದ್ ಸೀಜನ್ ಓಡತೈತೇನ್ರಿ?"

"ಓಡೂದು ಮುಗದೈತ್ರಿ. ಇನ್ನ ಬಿಸಲಾಗ ಮಲಗೂದಷ್ಟ," ಎಂದರು ಅಪ್ಪ.

"ಮಲಗೂ ನಾಯಿ ನಮ್ಮ ಓಣ್ಯಾಗ ಮಸ್ತ್ ಅದಾವ ಬಿಡ್ರಿ." ಚಹಾ ಕುಡಿದು ಹೋದರು.

ಮುದಿ ಬೇಟೆನಾಯಿಗೆ ತಕ್ಕ ಯಜಮಾನ ಯಾರು? ಬೇಟೆ ಬಲ್ಲವನು ಎಂದು ಅಪ್ಪ. ಬೇಟೆಗೆ ಕರೆಯದವನು ಎಂದು ನಾನು.

ಕೊನೆಗೆ ಮುಂದೆ ಬಂದವಳು ಗಂಗವ್ವ. ಹಳಿಯಾಳದ ಕಡೆಯ ಹಳ್ಳಿಯವಳು, ನಮಗೆ ಬೆಣ್ಣೆ ತಂದುಕೊಡುತ್ತಿದ್ದವಳು. ಕೊರಳಲ್ಲಿ ಲಿಂಗ, ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವುದಿಲ್ಲ. ಅಪ್ಪ ನಕ್ಕೇಬಿಟ್ಟರು.

"ಗಂಗವ್ವಾ, ಇಂವ ಮೌಳಂಗಿ ಕಾಡಿನಾಗ ಹಂದಿ ಕೆಡವಿದಾಂವ. ನಿಮ್ಮ ಮನ್ಯಾಗ ಏನ್ ತಿಂದಾನು?"

"ರೊಟ್ಟಿ ಹಾಲು ತಿಂತಾನ ಬಿಡ್ರಿ ಸಾಹೇಬ್ರ. ಹಲ್ಲ ಹೋದ ಮ್ಯಾಲ ಹುಲಿನೂ ಲಿಂಗವಂತನ!"

ಕೊಟ್ಟೆವು. ಗಾಡಿ ಹತ್ತಿಸಿದಾಗ ಮೋತ್ಯಾ ಅಪ್ಪನ ಕಡೆ ನೋಡಿತು. ಅಪ್ಪ ನನ್ನ ಕಡೆ ನೋಡಿದರು. ನಾನು ರಸ್ತೆಯ ಕಡೆ ನೋಡಿದೆ.

ಧಾರವಾಡಕ್ಕೆ ಬಂದ ಮೇಲೆ ಗಂಗವ್ವನ ಊರಿನವರೊಬ್ಬರು ಸಿಕ್ಕಿ ಹೇಳಿದರು: ನಾಯಿ ಉಣ್ಣುತ್ತಿಲ್ಲ, ಸೊರಗಿದೆ. ಅಪ್ಪ ಆ ದಿನ ತಾವೂ ಸರಿಯಾಗಿ ಉಣ್ಣಲಿಲ್ಲ. ಆದರೆ ಸಂಜೆ ನೆರೆಮನೆಯವರಿಗೆ ಅದನ್ನು ಹೇಳುವಾಗ ಅವರ ದನಿಯಲ್ಲಿ ಸಂಕಟದ ಜೊತೆ ಇನ್ನೇನೋ ಇತ್ತು.

"ನನ್ನ ಬಿಟ್ಟು ಹೆಂಗ ತಿಂದಾನ್ರಿ ಅಂವಾ?"

ದುಃಖಕ್ಕೂ ಒಂದಿಷ್ಟು ಹೆಮ್ಮೆ ಬೇಕಾಗುತ್ತದೆಯೇ?

ಕಳೆದ ಭಾನುವಾರ ನಾನೊಬ್ಬಳೇ ಬಸ್ಸು ಹಿಡಿದು ಹೋದೆ. ಮೋತ್ಯಾನ ಪಕ್ಕೆಲುಬುಗಳು ದೂರದಿಂದಲೇ ಕಂಡವು. ಗಂಗವ್ವನ ಮುಖವೂ ಇಳಿದಿತ್ತು.

"ಕಾಡಿನ ಚಿಂತಿ ಹಚ್ಚಿಕೊಂಡೈತಿ ತಂಗೀ. ಆಚಿ ಓಣಿಯಿಂದ ಎಲುಬು ಸುದ್ದಾ ತರಸೇನಿ. ನಮ್ಮ ಮಂದಿ ಬೈದ್ರ ಬೈಲಿ. ಅದನ್ನೂ ಅರ್ಧಾ ಬಿಟ್ಟು ಮಕ್ಕೋತೈತಿ."

ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತೆವು. ಒಂದು ಮೂಲೆಯಲ್ಲಿ ಮೋತ್ಯಾನ ಬೋಗುಣಿ. ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಗಬಗಬ ಬಾಯಿ ಹಾಕಿತು. ಹಸಿವಿಲ್ಲದ ನಾಯಿಯೇ ಇದು? ಅಷ್ಟರಲ್ಲಿ ಗಂಗವ್ವನ ಸೊಸೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ತಂದಳು.

"ಸಾಕು," ಎಂದೆ.

ಮೋತ್ಯಾ ಬೋಗುಣಿ ಬಿಟ್ಟಿತು. ಹಿಂದೆ ಸರಿದು, ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿತು.

ಅದು ಅಪ್ಪನ ಮಾತು. ಕೆಡವಿದ ಬೇಟೆಯನ್ನು ಹರಿದು ತಿನ್ನಬಾರದೆಂದು ಮರಿಯಾಗಿದ್ದಾಗಲೇ ಕಲಿಸಿದ್ದು. "ಸಾಕು" ಎಂದರೆ ಬಾಯಿ ಬಿಡಬೇಕು, ದೂರ ಮಲಗಬೇಕು, ಚಿಟಿಕೆ ಹೊಡೆಯುವ ತನಕ ಏಳಬಾರದು. ನಮ್ಮಲ್ಲಿ ಅದರ ಊಟ ಹಿತ್ತಲಿನಲ್ಲಿ. ನಮ್ಮ ಪಂಕ್ತಿಯ ಮಾತು ಅದಕ್ಕೆ ಕೇಳುತ್ತಿರಲಿಲ್ಲ. ಗಂಗವ್ವನದು ಹತ್ತು ಜನರ ಮನೆ. ನೀಡುವವರು ನೀಡುವುದನ್ನು ಬಿಡುವುದಿಲ್ಲ, ಉಣ್ಣುವವರು "ಸಾಕವಾ, ಸಾಕು" ಎನ್ನುವುದನ್ನು ಬಿಡುವುದಿಲ್ಲ. ಉಪಚಾರ ಹೆಚ್ಚಿದಷ್ಟೂ ನಾಯಿಗೆ ಉಪವಾಸ.

ಹೇಳಿದೆ. ಗಂಗವ್ವ ಹಣೆ ಬಡಿದುಕೊಂಡಳು.

"ಅಯ್ಯ ಶಿವನ! ದಿನಾ ಮೈ ಸವರಿ 'ನಿನ್ನ ನಾ ಸಾಕತೇನಿ, ಉಣ್ಣೋ' ಅಂತಿದ್ನಲ್ಲ ತಂಗೀ!"

(ಸಾಕುವ ಮಾತೂ ಸಾಕೆನ್ನುವ ಮಾತೂ ಮೋತ್ಯಾನ ಕಿವಿಗೆ ಒಂದೇ.)

ಚಿಟಿಕೆ ಹೊಡೆದೆ. ಎದ್ದು ಬಂತು. ಬೋಗುಣಿ ಖಾಲಿಯಾಗುವ ತನಕ ಪಡಸಾಲೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಗಂಗವ್ವ ಸಾರಿದಳು: "ಇನ್ನ ಮ್ಯಾಲ ಈ ಮನ್ಯಾಗ ಯಾರೂ ಆ ಮಾತ ಆಡಂಗಿಲ್ಲ. ಹೊಟ್ಟಿ ಬಿರಿಯೂ ಮಟಾ ಉಣ್ಣೂದ!"

ತಕ್ಕ ಯಜಮಾನಿ ಸಿಕ್ಕಿದ್ದಳು. ಆ ಬಗ್ಗೆ ಸಂಶಯವಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಮೆಟ್ಟಿಲ ತುದಿಯಲ್ಲೇ ನಿಂತಿದ್ದರು.

"ಉಂಡನೇನು?"

"ಹೂಂ. ಪೂರಾ ಉಂಡಾ."

ಅವರು ಖುಷಿಪಡುತ್ತಾರೆಂದು ಕಾದೆ.

"ಹಂಗಾರ ನನ್ನ ಮರತಾ ಬಿಡು," ಎಂದು ಒಳಗೆ ಹೋದರು.

ನಾನಿನ್ನೂ ನಿಜ ಹೇಳಿಲ್ಲ. ನಾಯಿ ತಮ್ಮನ್ನು ಮರೆಯಿತೆನ್ನುವುದು ಒಂದು ನೋವು. ತಮ್ಮ ಮಾತು ಮರೆಯದ್ದಕ್ಕೇ ಅದು ಹಸಿದಿತ್ತು ಎನ್ನುವುದು ಇನ್ನೊಂದು. ಸಣ್ಣ ಅಕ್ಷರ ಕಾಣದ ಅಪ್ಪನಿಗೆ ಪತ್ರಿಕೆಯಲ್ಲಿ ನಾನು ಬರೆಯುವ ಈ ಅಂಕಣವನ್ನು ಪ್ರತಿ ವಾರ ಓದಿ ಹೇಳುವವಳೂ ನಾನೇ.

ಈ ವಾರ ಓದಲೇ, ಪುಟ ತಿರುವಿಬಿಡಲೇ?